ಹಳೆಯ ಕಾರಿನ ವಾರಂಟಿ ಯಾರ ಭಾಷೆಯಲ್ಲಿ?

ನಮ್ಮ ಜಿಲ್ಲೆಯ ಹೆದ್ದಾರಿಯಲ್ಲಿ ಮರ್ಸಿಡಿಸ್, ಬಿಎಂಡಬ್ಲ್ಯೂ, ಆಡಿ ಕಾರುಗಳನ್ನು ಕಂಡು ಬೆರಗಾಗುವ ಕಾಲ ಕಳೆದುಹೋಯಿತು. ಗಲ್ಫಿನಿಂದ ಮರಳಿದವರು, ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕೈಯಲ್ಲಿ ನಾಲ್ಕು ಕಾಸು ಕಂಡವರು, ಮುಂಬಯಿ ಪುಣೆಗಳಲ್ಲಿ ಹೋಟೆಲು ನಡೆಸಿ ವರ್ಷಕ್ಕೊಮ್ಮೆ ಊರಿಗೆ ಬಂದುಹೋಗುವವರು, ಇಂಥವರ ಅಂಗಳದಲ್ಲಿ ಈಗ ಆ ಕಾರುಗಳು ನಿಲ್ಲುತ್ತವೆ. ಅವೆಲ್ಲವೂ ಹೊಸದಾಗಿ ಕೊಂಡವುಗಳೆಂದು ಯಾರೂ ತಿಳಿಯಬೇಕಾಗಿಲ್ಲ. 60 ಲಕ್ಷ ರೂಪಾಯಿಗೆ ಷೋರೂಮಿನಿಂದ ಹೊರಟ ಕಾರು ನಾಲ್ಕೈದು ವರ್ಷಗಳಲ್ಲಿ ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಹೊಸ ಇನ್ನೋವಾಕ್ಕೆ ಕೊಡುವ ದುಡ್ಡಿಗೆ ಹಳೆಯ ಮರ್ಸಿಡಿಸ್ ಸಿಗುತ್ತದೆಂದಾದರೆ ಮನುಷ್ಯನ ಮನಸ್ಸು ಯಾವ ಕಡೆಗೆ ವಾಲುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ.

ಇದರಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ. ದುಡಿದವನು ಒಳ್ಳೆಯ ಕಾರಿನಲ್ಲಿ ಕುಳಿತುಕೊಳ್ಳಲಿ. ನಾವು ಬರೆಯ ಹೊರಟಿರುವುದು ಆ ಕಾರಿನ ಜತೆಗೆ, ಅದೇ ಮೇಜಿನ ಮೇಲೆ, ಅದೇ ಹೊತ್ತಿನಲ್ಲಿ ಮಾರಾಟವಾಗುವ ಇನ್ನೊಂದು ಸರಕಿನ ಬಗ್ಗೆ. ಎಕ್ಸ್‌ಟೆಂಡೆಡ್ ವಾರಂಟಿ ಎಂದು ಅದಕ್ಕೆ ಹೆಸರು. ಕಾರು ತಯಾರಿಸಿದ ಕಂಪೆನಿಯ ಹೊಣೆಯನ್ನು ಇನ್ನೊಂದು ವರ್ಷಕ್ಕೋ ಎರಡು ವರ್ಷಕ್ಕೋ ಮುಂದುವರಿಸಿ ಕೊಡುತ್ತೇವೆ ಎಂಬ ಮಾತು. ಈ ಮಾತಿಗೆ ಪ್ರತ್ಯೇಕ ಬೆಲೆಯಿದೆ.

ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಹೇಳುವವರಿಗೆ ಕಾರಿನ ವಾರಂಟಿಯೊಡನೆ ಏನು ಕೆಲಸ ಎಂದು ವಾಚಕರು ಕೇಳಿಯಾರು. ಕೇಳತಕ್ಕ ಪ್ರಶ್ನೆಯೇ. ಗಡಿನಾಡಿನ ಕನ್ನಡ ಮಾಷ್ಟ್ರ ಕೆಲಸ ಶಾಲೆಯ ಕೊನೆಯ ಗಂಟೆಯೊಡನೆ ಮುಗಿಯುವುದಿಲ್ಲ. ಪಂಚಾಯತಿನಿಂದ ಬಂದ ಮಲಯಾಳದ ನೋಟೀಸು, ಬ್ಯಾಂಕಿನ ಇಂಗ್ಲಿಷ್ ಕಾಗದ, ವಿಮೆಯ ಪಾಲಿಸಿ, ಹೀಗೆ ಏನು ಬಂದರೂ ಮಕ್ಕಳ ತಂದೆತಾಯಿ ಅದನ್ನು ಮಡಚಿ ಹಿಡಿದುಕೊಂಡು ಜಗಲಿಗೆ ಬರುತ್ತಾರೆ. "ಮಾಷ್ಟ್ರೇ, ಇದರಲ್ಲಿ ಏನುಂಟು, ಒಮ್ಮೆ ಓದಿ ಹೇಳಿ." ಈ ಎರಡು ಮೂರು ವರ್ಷಗಳಿಂದ ಆ ಕಾಗದಗಳ ಸಾಲಿಗೆ ಕಾರಿನ ವಾರಂಟಿ ಪುಸ್ತಕವೂ ಸೇರಿದೆ. ವ್ಯಸನದ ಸಂಗತಿಯೆಂದರೆ ಕಾರು ಕೊಳ್ಳುವ ಮುಂಚೆ ಆ ಪುಸ್ತಕವನ್ನು ತಂದವರನ್ನು ನಾವು ಕಂಡಿಲ್ಲ. ತರುವುದು ಕಾರು ಕೆಟ್ಟು ನಿಂತ ಮೇಲೆ, ವರ್ಕ್‌ಶಾಪಿನವರು "ಇದು ವಾರಂಟಿಯಲ್ಲಿ ಬರುವುದಿಲ್ಲ" ಎಂದ ಮೇಲೆ.

ಹೊಸ ಕಾರಿಗೆ ಬರುವ ವಾರಂಟಿ ಬೇರೆ, ಇದು ಬೇರೆ. ಅದು ಕಾರಿನ ಬೆಲೆಯೊಳಗೇ ಸೇರಿದ ಭರವಸೆ. ಇದು ಹಣಕೊಟ್ಟು ಮಾಡಿಕೊಳ್ಳುವ ಪ್ರತ್ಯೇಕ ಕರಾರು, ಅದಕ್ಕೆ ಅದರದೇ ಷರತ್ತುಗಳು. ದೊಡ್ಡ ಕಂಪೆನಿಗಳು ಹಳೆಯ ಕಾರುಗಳನ್ನು ತಾವೇ ಪರೀಕ್ಷಿಸಿ, ತಮ್ಮ ಮುದ್ರೆಯೊತ್ತಿ ಮಾರುವ ವಿಭಾಗಗಳನ್ನು ಇಟ್ಟುಕೊಂಡಿವೆ. ಅಲ್ಲಿ ಕೊಂಡರೆ ವಾರಂಟಿ ಕಾರಿನೊಡನೆ ಬರುತ್ತದೆ. ಬೇರೆ ಕಡೆ ಕೊಂಡರೆ ಮೊದಲಿನ ಮಾಲೀಕ ಮಾಡಿಸಿದ್ದ ವಾರಂಟಿಯನ್ನು ನಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಬೇಕು. ಇದಕ್ಕೆ ಗಡುವು, ಶುಲ್ಕಗಳಿರುವುದುಂಟು. ಆರ್.ಸಿ. ನಮ್ಮ ಹೆಸರಿಗೆ ಆದ ಮಾತ್ರಕ್ಕೆ ವಾರಂಟಿಯೂ ನಮ್ಮದಾಯಿತೆಂದು ತಿಳಿದು ಕೆಟ್ಟವರಿದ್ದಾರೆ. ವಾರಂಟಿಯ ವರ್ಷಗಳನ್ನು ಎಣಿಸಲು ಹೊರಡುವುದು ಎಷ್ಟೋ ಕಡೆ ಕಾರು ಮೊದಲ ಬಾರಿ ಮಾರಾಟವಾದ ದಿನದಿಂದಲೇ ಹೊರತು ನಾವು ಕೊಂಡ ದಿನದಿಂದಲ್ಲ. ಪುಸ್ತಕದ ಹೊದಿಕೆಯ ಮೇಲೆ ಕಾರಿನ ಕಂಪೆನಿಯ ಲಾಂಛನ ಹೊಳೆಯುತ್ತದೆ, ಒಳಪುಟಕ್ಕೆ ಹೋದರೆ ಕ್ಲೈಮು ತೀರ್ಮಾನಿಸುವವರು ಬೇರೊಂದು ಸಂಸ್ಥೆಯೋ ವಿಮಾ ಕಂಪೆನಿಯೋ ಆಗಿರುತ್ತಾರೆ. ಲಾಂಛನವನ್ನು ನಂಬಿ ಹಣ ಕೊಟ್ಟವನು ಕೊನೆಗೆ ತಾನು ಹೆಸರೂ ಕೇಳದವರೊಡನೆ ವಾದಿಸಬೇಕಾಗುತ್ತದೆ.

ನಮಗೆ ಹತ್ತಿರದಿಂದ ತಿಳಿದ ಒಂದು ಸಂಗತಿ ಇದೆ. ನಮ್ಮ ಭಾವನವರು ಕುಂಬಳೆ ಕಡೆಯಿಂದ ಹೋಗಿ ಇಚಲಕರಂಜಿಯಲ್ಲಿ ಹೋಟೆಲು ಹಾಕಿದವರು. ಮನೆ ಕಟ್ಟಿಸಿದ್ದು ಅಲ್ಲಿಗೆ ಹತ್ತಿರದ ನಾಂದಣಿಯಲ್ಲಿ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಊರು. 2025ರ ಜುಲೈಯಲ್ಲಿ ಅಲ್ಲಿಯ ಜೈನಮಠದ ಆನೆಯನ್ನು ನ್ಯಾಯಾಲಯದ ಆದೇಶದಂತೆ ಗುಜರಾತಿನ ಜಾಮನಗರಕ್ಕೆ ಸಾಗಿಸಿದಾಗ ಜನ ಬೀದಿಗಿಳಿದರೆಂದು ಪತ್ರಿಕೆಗಳಲ್ಲಿ ಓದಿದ್ದೇವಲ್ಲ, ಅದೇ ನಾಂದಣಿ. ಸುತ್ತ ಕಬ್ಬು. ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ಮರಾಠಿ ಎಂಬಂಥ ಕುಟುಂಬಗಳು ಅಲ್ಲಿಯೂ ಇವೆ. ನಮ್ಮಲ್ಲಿ ಮಲಯಾಳ ನಿಂತ ಜಾಗದಲ್ಲಿ ಅಲ್ಲಿ ಮರಾಠಿ ನಿಂತಿದೆ, ಅಷ್ಟೇ ವ್ಯತ್ಯಾಸ.

ಹಳೆಯ ಯಂತ್ರ ಕೊಳ್ಳುವುದನ್ನು ಆ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ನಿಂತದ್ದು 1904ರಲ್ಲಿ. ಇಂದಿಗೂ ಬೇರೆಯವರು ಬಳಸಿ ಬಿಟ್ಟ ಮಗ್ಗಗಳನ್ನು ತಂದು ದುಡಿಸುವವರು ಅಲ್ಲಿದ್ದಾರೆ. ಫಿಟ್ಟರನನ್ನು ಕರೆದುಕೊಂಡು ಹೋಗಿ, ಬಿಚ್ಚಿಸಿ, ಓಡಿಸಿ, ಸದ್ದು ಕೇಳಿ, ಆಮೇಲೆ ಬೆಲೆ ಮಾತಾಡುತ್ತಾರೆ. ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾಂವಗಳ ಎರಕದ ಕಾರ್ಖಾನೆಗಳು ವಾಹನಗಳ ಭಾಗಗಳನ್ನೇ ಎರಕ ಹೊಯ್ಯುತ್ತವೆ. ಯಂತ್ರದ ನಾಡಿ ಹಿಡಿಯಬಲ್ಲ ಜನ ಅವರು. ಆದರೆ ಇಂದಿನ ಜರ್ಮನ್ ಕಾರಿನ ನಾಡಿ ಕಂಪೆನಿಯ ಕಂಪ್ಯೂಟರಿಗಲ್ಲದೆ ಬೇರೆಯವರ ಕೈಗೆ ಸುಲಭವಾಗಿ ಸಿಗುವುದಿಲ್ಲ. ಆದುದರಿಂದಲೇ ಭಾವನವರು ವಾರಂಟಿಯನ್ನು ನಂಬಿದರು. ಐದು ವರ್ಷ ಓಡಿದ ಕಾರನ್ನು ಪುಣೆಯ ಒಬ್ಬ ಡೀಲರನಿಂದ ಕೊಳ್ಳುವಾಗ, ಮೇಲೆ ಹಣ ಕೊಟ್ಟು, ಕಂಪೆನಿಯ ಒಂದು ವರ್ಷದ ವಾರಂಟಿಯನ್ನೂ ಕೊಂಡರು. ಮಾರಿದ ಹುಡುಗ ಹಿಂದಿ ಮರಾಠಿ ಬೆರೆಸಿ "ಸಬ್ ಕವರ್ ಹೈ" ಎಂದ. ಪುಸ್ತಕ ಇಂಗ್ಲಿಷಿನಲ್ಲಿತ್ತು.

ಎಂಟನೆಯ ತಿಂಗಳಲ್ಲಿ ಗೇರುಪೆಟ್ಟಿಗೆ ಜಗ್ಗಲಾರಂಭಿಸಿ ಒಂದು ದಿನ ಪೂರ್ತಿ ನಿಂತಿತು. 200 ಕಿಲೋಮೀಟರಿಗೂ ಹೆಚ್ಚು ದೂರದ ಅಧಿಕೃತ ವರ್ಕ್‌ಶಾಪಿಗೆ ಲಾರಿಯ ಮೇಲೆ ಹೇರಿ ಒಯ್ಯಬೇಕಾಯಿತು. ಅಲ್ಲಿ ಮೊದಲ ಮಾತು, ಬಿಚ್ಚಿ ನೋಡದೆ ಏನನ್ನೂ ಹೇಳಲಾಗದು, ಬಿಚ್ಚುವ ಕೂಲಿಗೆ ಒಪ್ಪಿ ಸಹಿ ಹಾಕಿ, ವಾರಂಟಿಗೆ ಸೇರಿದರೆ ಅದು ಮಾಫಿ, ಸೇರದಿದ್ದರೆ ನಿಮ್ಮದೇ. ಸಹಿ ಹಾಕಿದರು. ಹತ್ತು ದಿನಗಳ ಮೇಲೆ ಉತ್ತರ ಬಂತು. ಮೊದಲ ಮಾಲೀಕನ ಕಾಲದಲ್ಲಿ ಒಂದು ಸರ್ವೀಸು ನಾಲ್ಕು ತಿಂಗಳು ತಡವಾಗಿದೆ, ಆದ್ದರಿಂದ ಷರತ್ತಿನ ಪ್ರಕಾರ ವಾರಂಟಿ ಅಸಿಂಧು. ಬಿಲ್ಲು ನಾಲ್ಕು ಲಕ್ಷಕ್ಕೆ ಮೇಲೆ.

ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಸರ್ವೀಸು ತಡವಾದದ್ದು ಎಲ್ಲಿ ಬರೆದಿತ್ತು? ಕಂಪೆನಿಯ ಕಂಪ್ಯೂಟರಿನಲ್ಲೇ. ವಾರಂಟಿ ಮಾರಿದ ದಿನವೂ ಅದು ಅಲ್ಲೇ ಇತ್ತು. ಕಾರನ್ನು ಪರೀಕ್ಷಿಸಿದ್ದೇವೆ, ದಾಖಲೆ ನೋಡಿದ್ದೇವೆ ಎಂದು ಹೇಳಿಯೇ ಹಣ ಪಡೆದದ್ದು. ಹಣ ಪಡೆಯುವ ದಿನ ಕಣ್ಣಿಗೆ ಬೀಳದ ದಾಖಲೆ ಹಣ ಕೊಡುವ ದಿನ ಹೇಗೆ ಬಿತ್ತು? ತಡವಾದ ಆ ಸರ್ವೀಸಿಗೂ ಗೇರುಪೆಟ್ಟಿಗೆ ಕೆಟ್ಟದ್ದಕ್ಕೂ ಸಂಬಂಧವೇನೆಂದು ಭಾವನವರು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮೂರು ತಿಂಗಳ ಪತ್ರ ವ್ಯವಹಾರದ ಮೇಲೆ, "ಹೊಣೆಯೆಂದಲ್ಲ, ಸದ್ಭಾವನೆಯಿಂದ" ಎಂದು ಬರೆದು ಕಂಪೆನಿ ಅರ್ಧ ಖರ್ಚು ಭರಿಸಿತು. ಹೋಟೆಲು ಬಿಟ್ಟು ಓಡಾಡಲಾರದೆ ಅವರು ಒಪ್ಪಿಕೊಂಡರು. ಸದ್ಭಾವನೆ ಎಂಬುದು ಒಳ್ಳೆಯ ಶಬ್ದ. ಆದರೆ ಹಕ್ಕು ಇದ್ದಲ್ಲಿ ಅದನ್ನು ತಂದು ಕೂರಿಸಿದರೆ ಕೊಂಡವನು ಬೇಡುವವನಾಗುತ್ತಾನೆ.

ಈ ಪುಸ್ತಕಗಳಲ್ಲಿ ಎಲ್ಲಕ್ಕಿಂತ ದೊಡ್ಡ ಬಲೆ 'ಸವೆತ' ಎಂಬ ಮಾತು. ಬ್ರೇಕಿನ ಪ್ಯಾಡು, ಟಯರು, ವೈಪರು ಸವೆಯುತ್ತವೆ, ಅವನ್ನು ಕಂಪೆನಿ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ರಬ್ಬರಿನ ಬುಷ್ಷು, ಸೀಲು, ಹೋಸು, ಬ್ಯಾಟರಿ, ಕೆಲವು ಕಡೆ ಗಾಳಿ ತುಂಬಿದ ಸಸ್ಪೆನ್ಷನ್ನು, ಇವೆಲ್ಲ ಪಟ್ಟಿಯಿಂದ ಹೊರಗೆ. ಐದು ವರ್ಷದ ಕಾರಿನಲ್ಲಿ ಸವೆಯದೆ ಉಳಿದದ್ದು ಏನಿದೆ? ಸೀಲು ಸವೆದು ಎಣ್ಣೆ ಸೋರಿ ಗೇರುಪೆಟ್ಟಿಗೆ ಸುಟ್ಟಿತೆನ್ನಿ. ಗೇರುಪೆಟ್ಟಿಗೆ ವಾರಂಟಿಯೊಳಗಿದೆ, ಸೀಲು ಹೊರಗಿದೆ. ಹೊರಗಿನ ಭಾಗದಿಂದ ಒಳಗಿನ ಭಾಗ ಕೆಟ್ಟರೆ ನಮ್ಮ ಹೊಣೆಯಲ್ಲ ಎಂದು ಮತ್ತೊಂದು ಷರತ್ತು. ಹಳೆಯ ಕಾರಿಗೆಂದೇ ಮಾರಿದ ವಾರಂಟಿ ಕಾರು ಹಳೆಯದೆಂಬ ಕಾರಣಕ್ಕೇ ನಿರಾಕರಿಸಲ್ಪಡುವುದು ನಮಗಂತೂ ವಿನೋದವಾಗಿ ತೋರುವುದಿಲ್ಲ.

ಇನ್ನು ನೀರು. 2015ರಲ್ಲಿ ಚೆನ್ನೈ ಮುಳುಗಿತು, 2018ರಲ್ಲಿ ಕೇರಳ ಮುಳುಗಿತು, 2019ರ ಆಗಸ್ಟಿನಲ್ಲಿ ಕೃಷ್ಣಾ ಪಂಚಗಂಗಾ ನದಿಗಳು ಉಕ್ಕಿ ಕೊಲ್ಹಾಪುರ, ಸಾಂಗಲಿ ಮುಳುಗಿದವು; ಶಿರೋಳ ತಾಲೂಕಿನ ಪಾಡು ಆಗ ಎಲ್ಲರಿಗೂ ತಿಳಿದದ್ದೇ. ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ವಿಮಾ ಕಂಪೆನಿ ಪೂರ್ಣ ನಷ್ಟವೆಂದು ಬರೆದು ಹರಾಜು ಹಾಕಿದ ಕಾರು, ತೊಳೆದು ಒಣಗಿಸಿ ಸುಗಂಧ ಹೊಡೆಸಿಕೊಂಡು, ಬೇರೆ ರಾಜ್ಯದ ಮಾರುಕಟ್ಟೆಯಲ್ಲಿ ನಿಲ್ಲುವುದುಂಟು. ದುಬಾರಿ ಕಾರುಗಳಲ್ಲಿ ವಿದ್ಯುತ್ ನಿಯಂತ್ರಣದ ಪೆಟ್ಟಿಗೆಗಳು ಎಷ್ಟೋ ಕಡೆ ಸೀಟಿನ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ, ಡಿಕ್ಕಿಯ ತಳದಲ್ಲಿ ಇರುತ್ತವೆ. ಒಳಗಿಳಿದ ನೀರು ತಂತಿಯ ತುದಿಗಳನ್ನು ಮೆಲ್ಲಗೆ ತಿನ್ನುತ್ತದೆ. ರೋಗ ಕಾಣಿಸಿಕೊಳ್ಳಲು ವರ್ಷವೇ ಹಿಡಿದೀತು. ಆಗ ವರ್ಕ್‌ಶಾಪಿನವರು 'ನೀರು ಹೊಕ್ಕಿದೆ' ಎಂದು ಬರೆದರೆ ಮುಗಿಯಿತು, ಅದಕ್ಕೆ ವಾರಂಟಿ ಇಲ್ಲ. ಯಾವ ನೀರು, ಯಾರ ಕಾಲದ ನೀರು ಎಂದು ಸಾಧಿಸುವುದು ಕೊಂಡವನ ಪಾಲಿಗೆ ಬರುತ್ತದೆ. ಆಟಿಯ ಮಳೆಯಲ್ಲಿ ಅಂಗಳದಲ್ಲೇ ಕಾರು ನಿಲ್ಲಿಸುವ ನಮ್ಮ ಜಿಲ್ಲೆಯವರಿಗೆ ಈ ಒಂದು ಷರತ್ತೇ ಸಾಕು.

ಊರಿನ ಮೆಕ್ಯಾನಿಕನ ಕೈಗೆ ಕಾರು ಕೊಟ್ಟರೆ ವಾರಂಟಿ ಹೋಯಿತು ಎಂಬ ಹೆದರಿಕೆ ಎಲ್ಲರಲ್ಲೂ ಇದೆ. ಇದನ್ನು ಪೂರ್ತಿ ನಂಬಬೇಕಾಗಿಲ್ಲ. ಒಬ್ಬ ಗ್ರಾಹಕನು ಕೊಟ್ಟ ದೂರಿನಿಂದ ಆರಂಭವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಮರ್ಸಿಡಿಸ್, ಬಿಎಂಡಬ್ಲ್ಯೂ, ಮಾರುತಿ, ಟಾಟಾ ಸಹಿತ 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೆ ಮೇಲ್ಪಟ್ಟು ದಂಡ ವಿಧಿಸಿತು. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಮೆಕ್ಯಾನಿಕರಿಗೆ ಸಿಗದಂತೆ ತಡೆದಿಟ್ಟದ್ದು ಆರೋಪ. ಹೊರಗೆ ದುರಸ್ತಿ ಮಾಡಿಸಿದರೆ ವಾರಂಟಿಯೇ ರದ್ದು ಎಂಬ ಸಾರಾಸಗಟು ಷರತ್ತನ್ನು ಹಾಕಕೂಡದು, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದೂ ಅದೇ ಆದೇಶದಲ್ಲಿ ಇದೆ. ದಂಡದ ಲೆಕ್ಕಾಚಾರದ ಬಗ್ಗೆ ಮೇಲ್ಮನವಿಗಳು ನಡೆದವು. ತತ್ವ ಮಾತ್ರ ಸರಳವಾಗಿದೆ. ಎಣ್ಣೆ ಬದಲಿಸಿದ್ದಕ್ಕೂ ಸನ್‌ರೂಫ್ ಸೋರಿದ್ದಕ್ಕೂ ಸಂಬಂಧ ಕಲ್ಪಿಸಬಾರದು. ಇಂಥದೊಂದು ಆದೇಶ ಇದೆಯೆಂಬುದು ವಾರಂಟಿ ಪುಸ್ತಕ ಹಿಡಿದು ನಮ್ಮ ಜಗಲಿಗೆ ಬಂದವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಗ್ರಾಹಕ ಸಂರಕ್ಷಣಾ ಕಾಯಿದೆ ಮೊದಲು ಬಂದದ್ದು 1986ರಲ್ಲಿ, ಈಗ ನಡೆಯುತ್ತಿರುವುದು 2019ರದು. ಇದರ 84ನೆಯ ಕಲಮಿನ ಪ್ರಕಾರ ತಯಾರಕನು ಬಾಯಿಬಿಟ್ಟು ಕೊಟ್ಟ ವಾರಂಟಿಗೆ ತಕ್ಕಂತೆ ವಸ್ತು ಇಲ್ಲದೆ ಅದರಿಂದ ಹಾನಿಯಾದರೆ, ವಾರಂಟಿ ಕೊಡುವಾಗ ತಾನು ಅಲಕ್ಷ್ಯ ಮಾಡಿರಲಿಲ್ಲವೆಂದು ಸಾಧಿಸಿದರೂ ಆತ ಹೊಣೆಯಿಂದ ಪಾರಾಗುವಂತಿಲ್ಲ. ತಕ್ಕ ಕಾರಣವಿಲ್ಲದೆ ಒಂದೇ ಪಕ್ಷ ಕರಾರನ್ನು ಮುರಿಯಬಹುದೆಂಬಂಥ ಷರತ್ತುಗಳನ್ನು 'ಅನ್ಯಾಯದ ಕರಾರು' ಎಂದು ಕಾಯಿದೆ ಗುರುತಿಸಿದೆ. ಆ ದೂರು ಮಾತ್ರ ರಾಜ್ಯ ಆಯೋಗಕ್ಕೆ, ಎಂದರೆ ನಮ್ಮ ಪಾಲಿಗೆ ದೂರದ ತಿರುವನಂತಪುರಕ್ಕೆ ಹೋಗಬೇಕು. ಉಳಿದ ದೂರುಗಳನ್ನು ನಾವಿರುವ ಜಿಲ್ಲೆಯಲ್ಲೇ ಕೊಡಬಹುದು. ಕಾರನ್ನು ಪುಣೆಯಲ್ಲಿ ಕೊಂಡಿರಲಿ, ಕೊಚ್ಚಿಯಲ್ಲಿ ಕೊಂಡಿರಲಿ, ಕಾಸರಗೋಡಿನಲ್ಲಿ ವಾಸವಾಗಿರುವವನು ಕಾಸರಗೋಡಿನ ಜಿಲ್ಲಾ ಆಯೋಗಕ್ಕೆ ಹೋಗಬಹುದೆಂಬುದು 2019ರ ಕಾಯಿದೆಯ ದೊಡ್ಡ ಉಪಕಾರ. ಜಿಲ್ಲಾ ಆಯೋಗದ ಮಿತಿ 50 ಲಕ್ಷ. ಅದನ್ನು ಅಳೆಯುವುದು ಕೊಟ್ಟ ಹಣದಿಂದ. ಹೊಸದರಲ್ಲಿ 80 ಲಕ್ಷದ ಕಾರಾದರೂ ನಾವು ಹಳೆಯದಾಗಿ 30 ಲಕ್ಷ ಕೊಟ್ಟಿದ್ದರೆ ಊರಿನಲ್ಲೇ ವ್ಯಾಜ್ಯ, ಶುಲ್ಕ 1000 ರೂಪಾಯಿ. ದೂರು ಕೊಡಲು ಎರಡು ವರ್ಷಗಳ ಅವಧಿ ಇದೆ.

ಹಾಗೆಂದು ಹೊಸ ಕಾರೇ ಕೈಗೆ ಬರುತ್ತದೆಂಬ ಆಸೆ ಬೇಡ. ವಾರಂಟಿಯಲ್ಲಿ ಕೆಟ್ಟ ಭಾಗವನ್ನು ಬದಲಿಸುವುದೆಂದಿದ್ದರೆ ಕಾರನ್ನೇ ಬದಲಿಸಿಕೊಡೆಂದು ಹೇಳಲಾಗದೆಂದು ಸುಪ್ರೀಂ ಕೋರ್ಟು ಮಾರುತಿ ಕಂಪೆನಿಯ ಒಂದು ಪ್ರಕರಣದಲ್ಲಿ 2006ರಲ್ಲೇ ಹೇಳಿದೆ. ಬೇಗ ಮುಗಿಯುತ್ತದೆಂಬ ಆಸೆಯೂ ಬೇಡ. ಕಾಯಿದೆ ಮೂರು ತಿಂಗಳು, ವಸ್ತುವನ್ನು ಪರೀಕ್ಷಿಸಬೇಕಾದರೆ ಐದು ತಿಂಗಳು ಎನ್ನುತ್ತದೆ. ಒಂದು ಕಂಪೆನಿ ತನ್ನ ನಿರ್ದೇಶಕರ ಬಳಕೆಗೆಂದು 2003ರಲ್ಲಿ ಕೊಂಡ ಮರ್ಸಿಡಿಸ್ ಕಾರಿನ ನಡುಭಾಗ ಕಾಯುತ್ತದೆಂಬ ದೂರು ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2024ರ ಜುಲೈ 9ರಂದು. ಗೆದ್ದರು, ನಿಜ. 21 ವರ್ಷ. ಅದರಿಂದ ನಮ್ಮವರಿಗೆ ಒಂದು ಲಾಭವಾಗಿದೆ. ಸಂಸ್ಥೆಯ ಹೆಸರಿನಲ್ಲಿ ಕೊಂಡ ಕಾರಾದರೂ ಅದು ಸ್ವಂತ ಓಡಾಟಕ್ಕಾಗಿದ್ದರೆ ಕೊಂಡವರು ಗ್ರಾಹಕರೇ ಎಂದು ಅಲ್ಲಿ ತೀರ್ಪಾಯಿತು. ಹೋಟೆಲಿನ ಹೆಸರಿನಲ್ಲಿ ಕಾರು ಮಾಡಿಸಿಕೊಂಡವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇಷ್ಟೆಲ್ಲ ಇದ್ದೂ ನಮ್ಮವರು ಸೋಲುವುದು ಎಲ್ಲಿ? ಆಯೋಗದಲ್ಲಲ್ಲ. ಸಹಿ ಹಾಕುವ ಮೇಜಿನಲ್ಲಿ. ಆ ಮೇಜಿನ ಮೇಲೆ ಎರಡು ಕಾಗದಗಳು ಇರುತ್ತವೆ ಎಂದೆಣಿಸಿ. ಒಂದು ಸಾಲದ ಕಾಗದ, ಇನ್ನೊಂದು ವಾರಂಟಿಯದು. ಸಾಲ ಕೊಡುವುದು ಬ್ಯಾಂಕೇತರ ಹಣಕಾಸು ಕಂಪೆನಿಯಾದರೆ, ಸಾಲಗಾರನೊಡನೆ ಎಲ್ಲ ವ್ಯವಹಾರವೂ ಪ್ರಾದೇಶಿಕ ಭಾಷೆಯಲ್ಲಿ ಅಥವಾ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. 'ತಿಳಿಯುವ ಭಾಷೆ' ಎಂಬ ಎರಡನೆಯ ಮಾತನ್ನು ಗಮನಿಸಬೇಕು. ಪ್ರಾದೇಶಿಕ ಭಾಷೆ ಎಂದಷ್ಟೇ ಇದ್ದಿದ್ದರೆ ಕಾಸರಗೋಡಿನಲ್ಲಿ ಮಲಯಾಳ, ನಾಂದಣಿಯಲ್ಲಿ ಮರಾಠಿ ಬಂದು ನಿಲ್ಲುತ್ತಿತ್ತು, ನಮ್ಮಂಥವರು ಇದ್ದಲ್ಲೇ ಇರುತ್ತಿದ್ದೆವು. ಆರೋಗ್ಯ ವಿಮೆಯಲ್ಲಿಯೂ 2024ರ ಜನವರಿ 1ರಿಂದ ಪಾಲಿಸಿಯ ಮುಖ್ಯ ವಿಷಯಗಳನ್ನು ಸರಳವಾಗಿ ಬರೆದ ಮಾಹಿತಿ ಪತ್ರ ಕೊಡಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂದಾಗಿದೆ. ಆದರೆ ಅದೇ ಸಾಲದ ಹಣದಿಂದ ಕೊಂಡ ಅದೇ ಕಾರಿನ ವಾರಂಟಿಗೆ ಇಂಥ ಯಾವ ಕಟ್ಟುಪಾಡೂ ಇಲ್ಲ. ಕಂಪೆನಿಗೆ ಹಣ ಕೊಡುವ ಕರಾರು ನಮಗೆ ತಿಳಿಯುವ ಭಾಷೆಯಲ್ಲಿರಬೇಕು, ಕಂಪೆನಿ ನಮಗೆ ಕೊಡಬೇಕಾದುದರ ಕರಾರು ಇಂಗ್ಲಿಷಿನ ಸಣ್ಣಕ್ಷರದಲ್ಲಿದ್ದರೂ ನಡೆಯುತ್ತದೆ! ಇದು ಯಾವ ನ್ಯಾಯ?

ಬೇರೆ ದೇಶಗಳಲ್ಲಿ ಇದಕ್ಕೆ ದಾರಿ ಕಂಡುಕೊಂಡು ಕಾಲವಾಯಿತು. ಐರೋಪ್ಯ ಒಕ್ಕೂಟದ ನಿಯಮದಂತೆ ವ್ಯಾಪಾರಿಯಿಂದ ಕೊಂಡ ಹಳೆಯ ವಸ್ತುವಿಗೂ ಮಾರಿದವನ ಹೊಣೆ ಒಂದು ವರ್ಷಕ್ಕಿಂತ ಕಡಿಮೆಯಾಗುವಂತಿಲ್ಲ. ಆ ಜರ್ಮನ್ ಕಾರು ತನ್ನ ಹುಟ್ಟೂರಿನಲ್ಲಿ ಹಳೆಯದಾಗಿ ಮಾರಾಟವಾದರೂ ಇಷ್ಟು ಹೊಣೆ ಇದ್ದೇ ಇರುತ್ತದೆ, ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ. ಅಮೇರಿಕದಲ್ಲಿ 1984ರಲ್ಲಿ ಮಾಡಿದ ಒಂದು ನಿಯಮದಂತೆ ಹಳೆಯ ಕಾರು ಮಾರುವ ಡೀಲರನು ಪ್ರತಿ ಕಾರಿನ ಕಿಟಕಿಗೆ ಒಂದು ಹಾಳೆ ಅಂಟಿಸಬೇಕು. ವಾರಂಟಿ ಇದೆಯೇ ಇಲ್ಲವೇ, ಇದ್ದರೆ ಯಾವ ಭಾಗಗಳಿಗೆ, ಎಷ್ಟು ಕಾಲ, ಖರ್ಚಿನಲ್ಲಿ ಡೀಲರನ ಪಾಲು ಶೇಕಡಾ ಎಷ್ಟು, ಎಲ್ಲವೂ ಆ ಹಾಳೆಯಲ್ಲಿ. ಬಾಯಿಮಾತನ್ನು ನಂಬಬೇಡಿ, ಬರೆಸಿಕೊಳ್ಳಿ ಎಂಬ ಎಚ್ಚರಿಕೆಯೂ ಅಲ್ಲೇ. ನಮಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಬೇರೆ. ಮಾರಾಟದ ಮಾತುಕತೆ ಸ್ಪ್ಯಾನಿಷಿನಲ್ಲಿ ನಡೆದರೆ ಆ ಹಾಳೆಯೂ ಸ್ಪ್ಯಾನಿಷಿನಲ್ಲೇ ಇರಬೇಕು. ಮಾರುವಾಗ ಯಾವ ಭಾಷೆ ಬಾಯಿಗೆ ಬಂತೋ ಬರೆಯುವಾಗಲೂ ಅದೇ ಭಾಷೆ. ಇದಕ್ಕಿಂತ ನೇರವಾದ ನಿಯಮ ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ. ನಮ್ಮ ಡೀಲರರು ಗಿರಾಕಿಯನ್ನು ಒಲಿಸುವಾಗ ಕನ್ನಡ, ತುಳು, ಬ್ಯಾರಿ ಯಾವುದನ್ನೂ ಬಿಡುವುದಿಲ್ಲ. ಸಹಿಯ ಹೊತ್ತಿಗೆ ಮಾತ್ರ ಅವರ ನಾಲಗೆ ಇಂಗ್ಲಿಷಿಗೆ ತಿರುಗುತ್ತದೆ.

ಕಂಪೆನಿಗಳ ಪಕ್ಷದಲ್ಲಿ ಹೇಳತಕ್ಕದ್ದು ಏನೂ ಇಲ್ಲವೆಂದಲ್ಲ. ಮೀಟರು ಹಿಂದಕ್ಕೆ ತಿರುಗಿಸಿದ ಕಾರುಗಳು, ಅಪಘಾತ ಮರೆಮಾಚಿದ ಕಾರುಗಳು, ಸರ್ವೀಸಿನ ಮುಖವನ್ನೇ ನೋಡದೆ ಕೆಟ್ಟಾಗ ಮಾತ್ರ ವಾರಂಟಿ ನೆನಪಾಗುವ ಮಾಲೀಕರು, ಇವೆಲ್ಲ ಇರುವಾಗ ಷರತ್ತುಗಳೇ ಬೇಡವೆನ್ನಲಾಗದು. ಹಳೆಯ ಕಾರು ಬೆಲೆಯಲ್ಲಿ ಹಳೆಯದಾದರೂ ದುರಸ್ತಿಯ ಖರ್ಚಿನಲ್ಲಿ ಎಂದೂ ಹೊಸದೇ ಎಂಬುದನ್ನು ಕೊಳ್ಳುವವರೂ ತಿಳಿದಿರಬೇಕು. 30 ಲಕ್ಷಕ್ಕೆ ಕೊಂಡ ಮಾತ್ರಕ್ಕೆ ಅದರ ಹೆಡ್‌ಲೈಟು 30 ಲಕ್ಷದ ಕಾರಿನ ಬೆಲೆಗೆ ಸಿಗುವುದಿಲ್ಲ. ನೆರೆಯವರಿಗೆ ತೋರಿಸಲೆಂದೇ ಕೊಂಡವರ ಬಗ್ಗೆ ನಮಗೆ ಹೇಳಲು ಹೆಚ್ಚೇನಿಲ್ಲ. ಆದರೆ ಷರತ್ತು ಹಾಕುವುದು ಬೇರೆ, ಷರತ್ತನ್ನು ಅಡಗಿಸುವುದು ಬೇರೆ. ದೇಶದ ಎಲ್ಲ ಭಾಷೆಗಳಲ್ಲಿ 40 ಪುಟದ ಪುಸ್ತಕ ಅಚ್ಚು ಹಾಕಿಸಲು ಆಗುತ್ತದೆಯೇ ಎಂದು ಅವರು ಕೇಳಬಹುದು. 40 ಪುಟ ಬೇಡ. ಒಂದು ಹಾಳೆ ಸಾಕು. ಯಾವುದು ಒಳಗೆ, ಯಾವುದು ಹೊರಗೆ, ಬಿಚ್ಚುವ ಕೂಲಿ ಯಾರದು, ಹಿಂದಿನ ಮಾಲೀಕನ ಸರ್ವೀಸು ದಾಖಲೆಯನ್ನು ನೋಡಿ ಒಪ್ಪಿದ್ದೇವೆ ಎಂಬ ಒಂದು ಸಾಲು, ಕೆಳಗೆ ಡೀಲರನ ಸಹಿ. ಜಾಹೀರಾತು ಮಾಡುವಾಗ ಕನ್ನಡ ಬರುವ ಕಂಪೆನಿಗೆ ಇದು ಭಾರವಾಗಲಾರದು.

ಇದನ್ನು ಕಡ್ಡಾಯ ಮಾಡಿಸಬಲ್ಲ ಸಂಸ್ಥೆ ಇದೆ. 2020ರಲ್ಲಿ ಸ್ಥಾಪನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅನ್ಯಾಯದ ವ್ಯಾಪಾರ ಪದ್ಧತಿಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸುವ ಅಧಿಕಾರವಿದೆ. ಅಂಗಡಿಗಳು ಮೊಬೈಲಿನಲ್ಲಿ ಗಿರಾಕಿಯನ್ನು ಮೋಸಗೊಳಿಸುವ ತಂತ್ರಗಳ ಮೇಲೆ ಅದು 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದ್ದೂ ಇದೆ. ಹಳೆಯ ಕಾರಿನ ವಾರಂಟಿಯ ಬಗ್ಗೆಯೂ ಹೊರಡಿಸಲಿ, ಅದರಲ್ಲಿ 'ಕೊಳ್ಳುವವನಿಗೆ ತಿಳಿಯುವ ಭಾಷೆ' ಎಂಬ ಮಾತನ್ನು ಬಿಡದೆ ಸೇರಿಸಲಿ. ಸರಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕಿಗಾಗಿ ಈ ಜಿಲ್ಲೆಯಲ್ಲಿ ಎಷ್ಟು ಸಭೆಗಳಾದವು, ಎಷ್ಟು ಮನವಿಗಳು ಹೋದವು ಎಂಬುದು ನಮ್ಮ ಹಿರಿಯರಿಗೆ ಗೊತ್ತು. ಕಂಪೆನಿಯ ಕಾಗದದ ವಿಷಯದಲ್ಲಿ ಒಂದು ಮನವಿಯಾದರೂ ಹೋದದ್ದು ನಮ್ಮ ಗಮನಕ್ಕೆ ಬಂದಿಲ್ಲ. ಕನ್ನಡ ಸಂಘಗಳು ಇದನ್ನೂ ತಮ್ಮ ಕೆಲಸವೆಂದು ತಿಳಿಯಬೇಕು. ಮಾಷ್ಟ್ರುಗಳು ಜಗಲಿಯಲ್ಲಿ ಕುಳಿತು ಎಷ್ಟೆಂದು ಓದಿ ಹೇಳಿಯಾರು?

ಅಲ್ಲಿಯವರೆಗೆ, ಈಗಾಗಲೇ ಕೊಂಡು ತೊಂದರೆಯಲ್ಲಿರುವವರಿಗೆ ಒಂದೆರಡು ಮಾತು. 1915 ಎಂಬ ನಂಬರಿಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. 17 ಭಾಷೆಗಳಲ್ಲಿ ಕನ್ನಡವೂ ಒಂದು. ಅಲ್ಲಿ ದೂರು ದಾಖಲಾದರೆ ಅದು ಕಂಪೆನಿಗೆ ಹೋಗುತ್ತದೆ, ಎಷ್ಟೋ ಸಲ ಅಲ್ಲಿಗೇ ಇತ್ಯರ್ಥವೂ ಆಗುತ್ತದೆ. ಆಗದಿದ್ದರೆ ಆಯೋಗ. ವಾರಂಟಿ ನಿರಾಕರಿಸಿದ ಕಾರಣವನ್ನು, ಯಾವ ಷರತ್ತಿನ ಪ್ರಕಾರವೆಂದು, ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಫೋನಿನಲ್ಲಿ ಹೇಳಿದ್ದನ್ನು ಒಪ್ಪಕೂಡದು. ಡೀಲರನು ಮೊಬೈಲಿಗೆ ಕಳುಹಿಸಿದ ಸಂದೇಶಗಳನ್ನು ಅಳಿಸಬಾರದು. ಮತ್ತು ದುರಸ್ತಿಯಾದ ಮೇಲೆ ಕೆಟ್ಟ ಭಾಗವನ್ನು ವರ್ಕ್‌ಶಾಪಿನಲ್ಲಿ ಬಿಟ್ಟು ಬರಬಾರದು. ಆಯೋಗವು ಪರೀಕ್ಷೆಗೆ ಕಳುಹಿಸುವುದಾದರೆ ಆ ಭಾಗವೇ ಬೇಕು. ಬಿಲ್ಲು ಕಟ್ಟುವ ಮೊದಲೇ ಅದನ್ನು ಕೇಳಿ ಇಸಿದುಕೊಂಡು, ಬಿಲ್ಲಿನ ಮೇಲೆ ಹಾಗೆಂದು ಬರೆಸಿ, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬರಬೇಕು.